ಲಿಫ್ಟಿನ ಪಕ್ಕದ ಜಾಗ

ಕೇಸರಿಭಾತಿನ ಎರಡನೆಯ ಚಮಚ ಬಾಯಿಗಿಡುವಷ್ಟರಲ್ಲಿ ಚಂದ್ರಪ್ಪನವರ ಜೇಬಿನಲ್ಲಿದ್ದ ಫೋನು ಕಿಣಿ ಎಂದಿತು. ಅದು ಯಾವ ಸದ್ದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅಪಾರ್ಟ್‌ಮೆಂಟ್ ಸೊಸೈಟಿಯ ನೆಲಮಾಳಿಗೆಯಲ್ಲಿ ಯಾರದೋ ಕಾರಿನ ಗಾಲಿಗೆ, ಅದು ಕದಲದಂತೆ, ಕ್ಲ್ಯಾಂಪ್ ಬಿದ್ದಿದೆ ಎನ್ನುವ ಸದ್ದು. ಪಾರ್ಕಿಂಗ್ ಸೆಕ್ರೆಟರಿಯಾದಾಗಿನಿಂದ ಅವರು ಅದಕ್ಕೆ ಊಟದ ನಡುವೆಯೂ ಎದ್ದಿದ್ದರು, ಪೂಜೆಯ ನಡುವೆಯೂ ಎದ್ದಿದ್ದರು. ಇವತ್ತು ಮಾತ್ರ ಏಳುವ ಹಾಗಿರಲಿಲ್ಲ. ಎದುರಿನ ಸೋಫಾದಲ್ಲಿ ಮಗಳು ಹರಿಣಿಯನ್ನು ನೋಡಲು ಬಂದವರು ಕೂತಿದ್ದರು.

"ನೋಡ್ರಿ ನೋಡ್ರಿ, ನಮ್ಮ ಸಲುವಾಗಿ ಕೆಲಸ ಬಿಡಬ್ಯಾಡ್ರಿ," ಎಂದರು ಬಸವರಾಜ, ಹುಡುಗನ ತಂದೆ. ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮ್ಯಾನೇಜರು. ಹರಿಯಾಣದ ನೀರು ಕುಡಿದು ತಲೆ ನೆರೆತಿದ್ದರೂ ಬಾಯಿ ಬಿಟ್ಟರೆ ರಾಣೆಬೆನ್ನೂರು. "ಮಗಳ ಸ್ಕೂಟಿನೂ ಬಿಡಲಿಲ್ಲಂತಲ್ರಿ ನೀವು? ನಮ್ಮ ಕಿರಣ್ ಹೇಳಿದ."

ಕಿರಣ್ ನಕ್ಕ. "ಹರಿಣಿ ಮೊದಲನೇ ಸಲ ಫೋನಲ್ಲಿ ಮಾತಾಡಿದಾಗಲೇ ಆ ಕಥೆ ಹೇಳಿದ್ರು, ಅಂಕಲ್. ಅವರನ್ನೂ ನಿಲ್ಲಿಸಿ ಫೋಟೋ ತೆಗೆಸಿದ್ರಂತೆ."

"ನಮ್ಮಪ್ಪ ಹಾಗೇ," ಎಂದಳು ಹರಿಣಿ. ರೇಷ್ಮೆ ಸೀರೆಯಲ್ಲಿ ಅವಳಿಗೆ ಸೆಕೆಯಾಗುತ್ತಿತ್ತು, ಆದರೂ ಮುಖ ಅರಳಿತ್ತು. ನೋಯ್ಡಾದ ಆಫೀಸಿನಲ್ಲಿ ಗೆಳತಿಯರಿಗೆ, ಕರ್ನಾಟಕ ಸಂಘದ ಊಟದ ಸಾಲಿನಲ್ಲಿ ಅಪರಿಚಿತರಿಗೆ, ಎಲ್ಲರಿಗೂ ಅವಳು ಆ ಸ್ಕೂಟಿಯ ಕಥೆ ಹೇಳಿದ್ದಳು. ಅಪ್ಪನ ಬಗ್ಗೆ ಜಂಬ ಕೊಚ್ಚಿಕೊಳ್ಳಲು ಅವಳಿಗೆ ಅದಕ್ಕಿಂತ ಒಳ್ಳೆಯ ಕಥೆ ಬೇಕಿರಲಿಲ್ಲ. ಚಂದ್ರಪ್ಪನವರು ಅಯ್ಯೋ ಅದೇನು ಬಿಡಿ ಎನ್ನುವಂತೆ ಕೈಯಾಡಿಸಿ, ಒಳಗೊಳಗೆ ಉಬ್ಬುತ್ತ, ಫೋನು ತೆಗೆದು ನೋಡಿದರು.

ಕಾವಲಿನವನು ಕಳಿಸಿದ ಚಿತ್ರದಲ್ಲಿ ಒಂದು ಬಿಳಿ ಕಾರಿತ್ತು. ಹಿಂದಿನ ಗಾಲಿಗೆ ಹಳದಿ ಕ್ಲ್ಯಾಂಪ್. ಹಿಂಬದಿಯ ಗಾಜಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ 'ಓಂ ನಮಃ ಶಿವಾಯ'. ದೆಹಲಿಯ ಅಂಚಿಗಿದ್ದ ಇಂದಿರಾಪುರಂನ ಆ ಸೊಸೈಟಿಯ ಎರಡು ನೆಲಮಾಳಿಗೆಗಳಲ್ಲೂ ಹುಡುಕಿದರೂ ಕನ್ನಡ ಬರೆದ ಇನ್ನೊಂದು ಗಾಜು ಸಿಗುತ್ತಿರಲಿಲ್ಲ. ಅದು ಬಸವರಾಜರ ಕಾರೇ.

ತಪ್ಪು ಅವರದೇ. ಹೊರಗಿನಿಂದ ಬರುವ ಕಾರುಗಳನ್ನು ಗೇಟಿನಾಚೆ, ಮೋಮೋ ಗಾಡಿಯ ಹಿಂದೆ, ಕೊಳಚೆ ನಾಲೆಯ ದಂಡೆಯ ಮೇಲೆ ನಿಲ್ಲಿಸಬೇಕು. ಆ ನಿಯಮ ಮಾಡಿದವರೂ ಅವರೇ. ಬೆಳಿಗ್ಗೆ ಹೆಂಡತಿ ರತ್ನಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ್ದರು, "ಬೀಗರಾಗೋರನ್ನ ಆ ಗಬ್ಬುನಾತದಲ್ಲಿ ಇಳಿಸಿ ನಡೆಸ್ಕೊಂಡು ಬರ್ತೀರಾ? ಆಯಮ್ಮನಿಗೆ ಮಂಡಿ ನೋವು ಬೇರೆ ಇದೆಯಂತೆ." ಇವರ ಜಾಗದಲ್ಲಿ ಇವರದೇ ಕಾರು ಬ್ಯಾಟರಿ ಸತ್ತು, ಹೊದಿಕೆ ಹೊದ್ದು ಮಲಗಿತ್ತು. ಇವತ್ತು ನಾಳೆ ಎನ್ನುತ್ತಿದ್ದ ಮೆಕ್ಯಾನಿಕ್ ಬಂದಿರಲಿಲ್ಲ. ಆಗ ಚಂದ್ರಪ್ಪನವರಿಗೆ ಲಿಫ್ಟಿನ ಪಕ್ಕದ ಜಾಗ ನೆನಪಾಯಿತು. ಅದು ನಾಲ್ಕನೆಯ ಮಹಡಿಯ ಮಿಸೆಸ್ ತ್ಯಾಗಿಯವರದು. ಪ್ರತಿ ಶನಿವಾರ ಅವರು ಮೀರತ್‌ಗೆ, ಮಗನ ಮನೆಗೆ ಹೋಗಿ ಸಂಜೆ ಕಳೆದು ಬರುತ್ತಾರೆ. ಊರಿಗೆ ಹೋಗುವವರು ಪಾರ್ಕಿಂಗ್ ಸೆಕ್ರೆಟರಿಗೆ ಹೇಳಿ ಹೋಗಬೇಕು, ಖಾಲಿ ಜಾಗವನ್ನು ಇನ್ನೊಬ್ಬರು ಕದಿಯದಂತೆ ನೋಡಿಕೊಳ್ಳುವುದು ಅವನ ಹೊಣೆ. ಹೀಗೆಂದು ನಿಯಮವಿದ್ದುದರಿಂದಲೇ ಚಂದ್ರಪ್ಪನವರಿಗೆ ಅದು ಗೊತ್ತಿತ್ತು.

ಬಸವರಾಜರ ಕಾರು ಅಕ್ಷರಧಾಮದ ಹತ್ತಿರ ಬಂದಿರುವಾಗ ಇವರು ಹಾಲಿನಲ್ಲಿ ನಿಂತು, ಹೆಂಡತಿ ಮಗಳ ಎದುರೇ ಫೋನು ಮಾಡಿದ್ದರು. "ಗೇಟಲ್ಲಿ ನನ್ನ ಹೆಸರು ಹೇಳಿ, ಸೀದಾ ಕೆಳಗಿಳಿದುಬಿಡಿ. ಲಿಫ್ಟಿನ ಪಕ್ಕದಲ್ಲೇ ಜಾಗ ಖಾಲಿಯಿದೆ, ಅಲ್ಲೇ ಹಾಕಿ. ಏನೂ ತೊಂದರೆಯಿಲ್ಲ." ಹರಿಣಿ ಆಗ ಕಿವಿಗೆ ಓಲೆ ಹಾಕಿಕೊಳ್ಳುತ್ತಿದ್ದಳು. ಒಂದು ಸಲ ಅಪ್ಪನ ಕಡೆ ನೋಡಿದಳು, ಇನ್ನೊಂದು ಓಲೆ ಕೈಗೆತ್ತಿಕೊಂಡಳು.

ಈಗ ಚಂದ್ರಪ್ಪನವರು "ಒಂದ್ನಿಮಿಷ, ಬಂದೆ" ಎಂದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡರು. ಕಾವಲಿನ ರಾಮ್‌ಬೀರ್‌ಗೆ ಫೋನು ಹಚ್ಚಿ, ದನಿ ತಗ್ಗಿಸಿ, ಬಿಳಿ ಕಾರಿನ ಕ್ಲ್ಯಾಂಪ್ ತೆಗೆದುಬಿಡು, ಅವರು ನಮ್ಮ ಕಡೆಯವರು ಎಂದರು.

"ಫೋಟೋ ಸಾಬ್?" ಎಂದ ರಾಮ್‌ಬೀರ್.

"ಫೋಟೋ ಬೇಡ ಈ ಸಲ."

ರಾಮ್‌ಬೀರ್ ಬಹಳ ವಿನಯದಿಂದ, ಹಿಂದಿಯಲ್ಲಿ, ಚಂದ್ರಪ್ಪನವರದೇ ಮಾತನ್ನು ಅವರಿಗೆ ಒಪ್ಪಿಸಿದ. ಸಾಬ್, ನೀವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದಿರಿ, ನಾನೇ ಬಂದು ಹೇಳಿದರೂ ಫೋಟೋ ಇಲ್ಲದೆ ಕ್ಲ್ಯಾಂಪ್ ತೆಗೆಯಬೇಡಿ, ತೆಗೆದವನು ಮಾರನೆಯ ದಿನ ಕೆಲಸಕ್ಕೆ ಬರುವುದು ಬೇಡ ಎಂದು. ತ್ಯಾಗಿ ಮೇಡಂ ಬಂದು ಇಲ್ಲೇ ನಿಂತಿದ್ದಾರೆ. ಸೂಪರ್‌ವೈಸರ್ ಕೂಡ ಇದ್ದಾನೆ. ನಾನೇನು ಮಾಡಲಿ?

ಹೇಳಿದ್ದು ನಿಜ. ಮೊದಲು ಸೊಸೈಟಿಯಲ್ಲಿ ದಂಡವಿತ್ತು. ದಂಡವನ್ನು ಜನ ನಗುನಗುತ್ತ ಕೊಟ್ಟು, ಇನ್ನೊಬ್ಬರ ಜಾಗದಲ್ಲಿ ಆರಾಮವಾಗಿ ನಿಲ್ಲಿಸತೊಡಗಿದರು. ಕೆಲವರಂತೂ ಮುಂಗಡವಾಗಿಯೇ ಕೊಡಲು ಬಂದರು. ಆಗ ಚಂದ್ರಪ್ಪನವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿ ನಿವೃತ್ತರಾಗಿದ್ದವರು, ದಂಡ ತೆಗೆದು ಫೋಟೋ ತಂದರು. ಕಾರು ತಂದವನು ಕ್ಲ್ಯಾಂಪ್ ಬಿದ್ದ ಗಾಲಿಯ ಪಕ್ಕ ನಿಲ್ಲಬೇಕು. ಕಾವಲಿನವನು ಚಿತ್ರ ತೆಗೆಯುತ್ತಾನೆ. ಸೆಕ್ರೆಟರಿ ಒಪ್ಪಿಗೆ ಒತ್ತಿದರೆ ಅದು, ಗಾಡಿ ಯಾರ ಮನೆಯ ಕಡೆಯದೆಂಬ ಒಕ್ಕಣೆಯೊಡನೆ, ಇಡೀ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಹೋದ ಮೇಲೆ ಕ್ಲ್ಯಾಂಪ್ ಬಿಚ್ಚುತ್ತಾರೆ. ಗುಂಪಿಗೆ ಹಾಕಿದ ಫೋಟೋ ಅಳಿಸುವ ಹಾಗಿಲ್ಲ. ದುಡ್ಡಿಗೆ ಹೆದರದವರು ಇದಕ್ಕೆ ಹೆದರಿದರು. ನಿವೃತ್ತ ನ್ಯಾಯಾಧೀಶರೊಬ್ಬರು ನಿಂತರು, ಟಿವಿಯಲ್ಲಿ ಸುದ್ದಿ ಓದುವ ಹುಡುಗಿ ದುಪಟ್ಟಾ ಮುಖಕ್ಕೆ ಅಡ್ಡ ಹಿಡಿದು ನಿಂತಳು, ಹರಿಣಿ ತನ್ನ ಸ್ಕೂಟಿಯ ಪಕ್ಕ ನಾಲಗೆ ಹೊರಚಾಚಿ ನಿಂತಳು.

ಹೋದ ಚಳಿಗಾಲದಲ್ಲಿ ಮಿಸೆಸ್ ತ್ಯಾಗಿ ನಿಂತಿದ್ದರು. ಆಸ್ಪತ್ರೆಯಿಂದ ಗಂಡನ ಹಳೆಯ ರಿಪೋರ್ಟು ಒಯ್ಯಲು ಓಡಿ ಬಂದು, ಗಾಡಿಯನ್ನು ಇಳಿಜಾರಿನಲ್ಲೇ ಬಿಟ್ಟು ಮೇಲೆ ಹೋಗಿದ್ದರಂತೆ. ಚಂದ್ರಪ್ಪನವರಿಗೆ ಅದನ್ನು ಹೇಳಿದರು ಕೂಡ. ನಿಯಮ ಎಲ್ಲರಿಗೂ ಒಂದೇ ಎಂದರು ಚಂದ್ರಪ್ಪ. ಅದೇ ವಾರ ಗಂಡ ತೀರಿಕೊಂಡ. ಗುಂಪಿನಲ್ಲಿ ಆಕೆಯ ಫೋಟೋದ ಕೆಳಗೇ ಸಾವಿನ ಸುದ್ದಿ ಬಂತು, ಅದರ ಕೆಳಗೆ ಕೈಮುಗಿದ ಚಿತ್ರಗಳು, 'ಓಂ ಶಾಂತಿ'ಗಳು ಒಂದರ ಮೇಲೊಂದು ಬಿದ್ದವು. ಆ ಫೋಟೋ ಅಳಿಸಿಬಿಡಬೇಕೆಂದು ಚಂದ್ರಪ್ಪನವರಿಗೆ ಅನ್ನಿಸದಿರಲಿಲ್ಲ. ಒಬ್ಬರದು ಅಳಿಸಿದರೆ ಎಲ್ಲರದೂ ಅಳಿಸಬೇಕಾಗುತ್ತದೆ ಎಂದು ಬಿಟ್ಟರು.

ಬಾಲ್ಕನಿಯಿಂದ ಒಳಗೆ ಬಂದು ಅವರು ನಿಂತೇ ಇದ್ದರು. "ಏನಾಯ್ತು?" ಎಂದರು ರತ್ನಾ.

"ಏನಿಲ್ಲ. ನಿಮ್ಮ ಗಾಡಿಗೆ ಕ್ಲ್ಯಾಂಪ್ ಹಾಕ್ಬಿಟ್ಟಿದ್ದಾರೆ," ಎಂದರು ಬಸವರಾಜರ ಕಡೆ ನೋಡದೆ. "ಆ ಜಾಗದವರು ಬೇಗ ವಾಪಸ್ ಬಂದ್ಬಿಟ್ರಂತೆ. ಸಣ್ಣದೊಂದು ಫಾರ್ಮಾಲಿಟಿ ಇದೆ. ಐದು ನಿಮಿಷದ ಕೆಲಸ."

ಕಿರಣ್ ತಟ್ಟೆ ಕೆಳಗಿಟ್ಟು ಎದ್ದ. "ನಾನು ಹೋಗಿ ಮುಗಿಸ್ಕೊಂಡು ಬರ್ತೀನಿ. ನೀವೆಲ್ಲ ಕೂತ್ಕೊಳ್ಳಿ."

ಕೂರಲು ಯಾರೂ ಸಿದ್ಧರಿರಲಿಲ್ಲ. ಕಿರಣನ ತಾಯಿ ವೈಜಯಂತಿ ಮಂಡಿ ಹಿಡಿದುಕೊಂಡೇ ಎದ್ದರು. ಹೆಣ್ಣು ನೋಡಲು ಬಂದ ಗಾಡಿಗೆ ಬೇಡಿ ಬಿದ್ದಿದೆ ಎಂದರೆ ಅವರಿಗೆ ಅದು ಬರೀ ಗಾಡಿಯ ವಿಷಯವಾಗಿರಲಿಲ್ಲ. ರತ್ನಾ ಗಾಬರಿಯಲ್ಲಿ ಕುಂಕುಮದ ಬಟ್ಟಲು, ತಾಂಬೂಲದ ತಟ್ಟೆ ಎರಡನ್ನೂ ಹಿಡಿದೇ ಹೊರಟರು. ಹಿಂದಿನ ಎರಡು ಸಂಬಂಧಗಳು ಕಾಫಿ ಲೋಟ ತೊಳೆಯುವ ಮೊದಲೇ ಮುರಿದಿದ್ದವು. ಈ ಹುಡುಗನನ್ನು ಹರಿಣಿ ತಾನೇ ಮೆಚ್ಚಿದ್ದಳು, ಹುಡುಗನೂ ಮೆಚ್ಚಿದ್ದ, ಇವತ್ತಿನದು ಹಿರಿಯರ ಸಮಾಧಾನಕ್ಕೆ. ಇದೂ ಮುರಿದರೆ ಎಂಬ ಭಯ ರತ್ನಾರ ಮುಖದಲ್ಲಿ ಕಾಣುತ್ತಿತ್ತು. ಎಲ್ಲರೂ ಒಂದೇ ಲಿಫ್ಟಿನಲ್ಲಿ, ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ಇಳಿದರು. ಹರಿಣಿ ಫೋನು ನೋಡುತ್ತಿದ್ದಳು.

ನೆಲಮಾಳಿಗೆಯಲ್ಲಿ ಮಿಸೆಸ್ ತ್ಯಾಗಿ ತಮ್ಮ ಪುಟ್ಟ ಬೂದು ಕಾರಿನ ಬಾಗಿಲು ತೆರೆದು, ಅದಕ್ಕೆ ಒರಗಿ ನಿಂತಿದ್ದರು. ಮೊಮ್ಮಗನಿಗೆ ಜ್ವರ, ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ, ಅದಕ್ಕೇ ಬೇಗ ಬಂದೆ ಎಂದು ರಾಮ್‌ಬೀರನಿಗೆ ಹೇಳುತ್ತಿದ್ದರು. ಲಿಫ್ಟು ತೆರೆದು ರೇಷ್ಮೆ ಸೀರೆಗಳು, ತಾಂಬೂಲದ ತಟ್ಟೆ, ಇಸ್ತ್ರಿ ಮಾಡಿದ ಅಂಗಿಗಳು ಸಾಲಾಗಿ ಹೊರಬಂದದ್ದನ್ನು ನೋಡಿ ಮಾತು ನಿಲ್ಲಿಸಿದರು.

"ನಮಸ್ತೆ ಚಂದ್ರಪ್ಪಾಜೀ. ನಿಮ್ಮ ಅತಿಥಿಗಳಾ?"

"ಹಾಂಜೀ," ಎಂದರು ಚಂದ್ರಪ್ಪ.

"ಗೊತ್ತಿದ್ದರೆ ನಾನು ಕಂಪ್ಲೇಂಟ್ ಒತ್ತುತ್ತಲೇ ಇರಲಿಲ್ಲ." ಆಕೆಯ ಹಿಂದಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಒತ್ತಿ ಆಗಿಬಿಟ್ಟಿದೆ. ಈಗ ಇವರು ಬಿಚ್ಚುವುದಿಲ್ಲ ಎನ್ನುತ್ತಿದ್ದಾರೆ."

ಸೂಪರ್‌ವೈಸರ್, ತನ್ನ ಕೆಲಸ ಚಂದ್ರಪ್ಪನವರ ಮುಂದೆ ಚೆನ್ನಾಗಿ ಕಾಣಲಿ ಎಂದು, ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದ. ಗಾಡಿ ತಂದವರು ಯಾರು, ಇಲ್ಲಿ ನಿಲ್ಲಿಸಲು ಯಾರು ಹೇಳಿದರು ಎಂದು ಕೇಳಿದ. ಅದೂ ಚಂದ್ರಪ್ಪನವರು ಕಲಿಸಿದ ಪ್ರಶ್ನೆಯೇ. ಕೆಲವು ಸಲ ಮನೆಯವರೇ ನೆಂಟರಿಗೆ ಇನ್ನೊಬ್ಬರ ಜಾಗ ತೋರಿಸುತ್ತಾರೆ. ಆಗ ಫೋಟೋದಲ್ಲಿ ನಿಲ್ಲಬೇಕಾದವರು ನೆಂಟರಲ್ಲ, ಜಾಗ ತೋರಿಸಿದವರು.

"ನೀವ ಹೇಳಿದ್ರಲ್ರಿ?" ಎಂದರು ಬಸವರಾಜ, ಚಂದ್ರಪ್ಪನವರ ಕಡೆ ತಿರುಗಿ, ಕನ್ನಡದಲ್ಲಿ. ದೂರುವ ದನಿಯಲ್ಲ ಅದು. ಮರೆತವರಿಗೆ ನೆನಪು ಮಾಡಿಕೊಡುವ ದನಿ. "ಅಕ್ಷರಧಾಮದ ಹತ್ರ ಇದ್ದಾಗ ಫೋನ್ ಮಾಡಿ ಹೇಳಿದ್ರಿ."

"ಹೌದಲ್ರಿ," ಎಂದರು ವೈಜಯಂತಿ.

ಮಿಸೆಸ್ ತ್ಯಾಗಿಗೆ ಕನ್ನಡ ಬರುವುದಿಲ್ಲ. ರಾಮ್‌ಬೀರನಿಗೂ ಬರುವುದಿಲ್ಲ, ಸೂಪರ್‌ವೈಸರನಿಗೂ ಬರುವುದಿಲ್ಲ. ನಿಜ ಅಷ್ಟು ದೊಡ್ಡ ದನಿಯಲ್ಲಿ ಅವರೆದುರೇ ಬಿದ್ದಿತ್ತು, ಅವರು ಒಬ್ಬರ ಮುಖ ಒಬ್ಬರು ನೋಡುತ್ತ ಯಾರಾದರೂ ಹಿಂದಿಯಲ್ಲಿ ಹೇಳಲಿ ಎಂದು ಕಾಯುತ್ತಿದ್ದರು. ಹಿಂದಿಗೆ ತಿರುಗಿಸಲು ನಾಲ್ಕಾರು ಪದ ಸಾಕಿತ್ತು. ಚಂದ್ರಪ್ಪನವರ ಹಿಂದಿ ಏನೂ ಕೆಟ್ಟದಲ್ಲ, ಕಚೇರಿಯಲ್ಲಿ ಹಿಂದಿ ದಿನಾಚರಣೆಗೆ ಭಾಷಣ ಮಾಡಿ ಬಹುಮಾನ ತಂದವರು.

ಹರಿಣಿ ಅಪ್ಪನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆತಂಕವೇನೂ ಇರಲಿಲ್ಲ. ಮುಂದೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿರುವವರು ನೋಡುವಂತೆ ನೋಡುತ್ತಿದ್ದಳು. ಗಾಡಿ ಓಡಿಸಿಕೊಂಡು ಬಂದವನು ಕಿರಣ್, ಪ್ರಶ್ನೆ ಅವನಿಗೇ, ಆದರೂ ಅವನು ಕೂಡಲೇ ಉತ್ತರ ಕೊಡಲಿಲ್ಲ. ಹುಡುಗ ಏನು ಹೇಳಬೇಕೆಂದು ಯೋಚಿಸುತ್ತಿದ್ದಾನೆ ಎಂದುಕೊಂಡರು ಚಂದ್ರಪ್ಪ.

ಚಂದ್ರಪ್ಪನವರ ಕಣ್ಣ ಮುಂದೆ ಆ ಗುಂಪು ಬಂತು. ಅಷ್ಟೂ ಮನೆಗಳ ಫೋನುಗಳಲ್ಲಿ ತಾವು ಗಾಲಿಯ ಪಕ್ಕ ನಿಂತಿರುವುದು. ನಿವೃತ್ತ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಅದನ್ನು ದೊಡ್ಡದು ಮಾಡಿ ನೋಡುವುದು. ಸುದ್ದಿ ಓದುವ ಹುಡುಗಿ ನಗುವ ಚಿತ್ರ ಹಾಕುವುದು. ಮಿಸೆಸ್ ತ್ಯಾಗಿ ಏನೂ ಹಾಕದೆ ಸುಮ್ಮನಿರುವುದು. ಅದು ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು. ಅವರು ಬಗ್ಗಿ ಕ್ಲ್ಯಾಂಪನ್ನು ಮುಟ್ಟಿ ನೋಡಿದರು, ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರಂತೆ.

"ಯಾರೂ ಹೇಳಲಿಲ್ಲ, ಆಂಟಿ," ಎಂದ ಕಿರಣ್, ಹಿಂದಿಯಲ್ಲಿ. "ಜಾಗ ಖಾಲಿ ಕಾಣಿಸಿತು, ನಿಲ್ಲಿಸಿಬಿಟ್ಟೆ. ನನ್ನದೇ ತಪ್ಪು. ಸಾರಿ."

ಬಸವರಾಜ ಬಾಯಿ ತೆರೆದರು. "ಅಪ್ಪಾ, ಇರ್ಲಿ ಬಿಡು," ಎಂದ ಕಿರಣ್, ಕನ್ನಡದಲ್ಲಿ, ಮೆಲ್ಲಗೆ.

ಆಗಲೂ ತಡವಾಗಿರಲಿಲ್ಲ. ಚಂದ್ರಪ್ಪನವರು ನೆಟ್ಟಗೆ ನಿಂತು, ಕೈ ಒರೆಸಿಕೊಂಡು, ಮಿಸೆಸ್ ತ್ಯಾಗಿಯ ಕಡೆ ನೋಡಿ ನಕ್ಕರು. "ಬಾಹರ್ ಸೇ ಆಯೇ ಹೈಂ," ಎಂದರು. "ಇನ್ಹೇಂ ಪತಾ ನಹೀಂ ಥಾ." ಹೊರಗಿನಿಂದ ಬಂದವರು, ಇವರಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಅವರಿಗೇ ತಮ್ಮ ದನಿ ಪರಿಚಯವಿಲ್ಲದವರ ದನಿಯಂತೆ ಕೇಳಿಸಿತು.

"ಅದೂ ಸರಿಯೇ," ಎಂದರು ಮಿಸೆಸ್ ತ್ಯಾಗಿ. "ಶನಿವಾರ ಈ ಜಾಗ ಖಾಲಿಯಿರುತ್ತದೆಂದು ಇವರಿಗೆ ಹೇಗೆ ಗೊತ್ತಾಗಬೇಕು?" ಅವರು ಚಂದ್ರಪ್ಪನವರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾರಿನ ಸೀಟಿನಿಂದ ನೀರಿನ ಬಾಟಲಿ ತೆಗೆದು ಕುಡಿದರು.

ಕಿರಣ್ ಹೋಗಿ ಹಿಂದಿನ ಗಾಲಿಯ ಪಕ್ಕ ನಿಂತ. ಹೆಣ್ಣು ನೋಡಲೆಂದು ಹೊಸದಾಗಿ ಹೊಲಿಸಿದ್ದ ಆಕಾಶನೀಲಿ ಅಂಗಿ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ಜೇಬಿಗೆ ಹಾಕಿದ, ಆಮೇಲೆ ತೆಗೆದು ಕಟ್ಟಿಕೊಂಡ. "ಅವನೇನು ಕಳ್ಳತನ ಮಾಡ್ಯಾನೇನ್ರಿ, ಹಿಂಗ ನಿಂದರಸ್ತೀರಲ್ಲ?" ಎಂದರು ವೈಜಯಂತಿ. ಯಾರಿಗೆಂದು ಅಲ್ಲ. ರತ್ನಾ ತಟ್ಟೆ ಹಿಡಿದುಕೊಂಡು ನೆಲ ನೋಡುತ್ತಿದ್ದರು, ಅದರಲ್ಲಿದ್ದ ತೆಂಗಿನಕಾಯಿ ಉರುಳಿ ಅಂಚಿಗೆ ಬಂದು ನಿಂತಿತ್ತು. ರಾಮ್‌ಬೀರ್ ಚಿತ್ರ ತೆಗೆದ. ಅದು ಕಪ್ಪಾಗಿ ಬಂತೆಂದು ಇನ್ನೊಂದು ತೆಗೆದ.

ಚಂದ್ರಪ್ಪನವರ ಜೇಬಿನಲ್ಲಿ ಫೋನು ಮತ್ತೆ ಕಿಣಿ ಎಂದಿತು. ಒಪ್ಪಿಗೆ ಬೇಕಿತ್ತು. ಅವರು ಒತ್ತಿದರು. ಮರುಕ್ಷಣ ರತ್ನಾರ ಫೋನು, ಹರಿಣಿಯ ಫೋನು, ಮಿಸೆಸ್ ತ್ಯಾಗಿಯವರ ಫೋನು, ಸೂಪರ್‌ವೈಸರನ ಫೋನು ಒಟ್ಟಿಗೆ ಸದ್ದು ಮಾಡಿದವು. ಯಾರೂ ತೆಗೆದು ನೋಡಲಿಲ್ಲ.

ಮೇಲೆ ಹೋಗಿ ಕಾಫಿ ಮುಗಿಸೋಣ ಎಂದು ರತ್ನಾ ಎಷ್ಟು ಕರೆದರೂ ವೈಜಯಂತಿ ಒಲ್ಲೆನೆಂದರು, ದೂರ ಹೋಗಬೇಕು, ದಾರಿಯಲ್ಲಿ ಟ್ರಾಫಿಕ್ಕು. ಅಲ್ಲೇ, ಎರಡು ಕಂಬಗಳ ನಡುವೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕುಂಕುಮ ಕೊಟ್ಟು ತಾಂಬೂಲ ಕೊಟ್ಟರು. ಕ್ಲ್ಯಾಂಪ್ ಬಿಚ್ಚುವಾಗ ಕಬ್ಬಿಣ ನೆಲಕ್ಕೆ ಬಿದ್ದು ನೆಲಮಾಳಿಗೆಯೆಲ್ಲ ದಣ್ ಎಂದಿತು. ಕಿರಣ್ ಕಾರು ಹಿಂದೆಗೆದು ಹೋಗುವ ಮುನ್ನ ಗಾಜಿಳಿಸಿ, "ಬರ್ತೀನಿ ಅಂಕಲ್" ಎಂದ. ಏನೂ ಆಗಿಲ್ಲವೆಂಬಂತೆ ಎಂದ. ಅದಕ್ಕೇ ಚಂದ್ರಪ್ಪನವರಿಗೆ ನಾಚಿಕೆಯಾಯಿತು.

ಮನೆಗೆ ಬಂದು ಚಂದ್ರಪ್ಪ ಫೋನು ತೆರೆದರು. ಕಿರಣನ ಫೋಟೋದ ಕೆಳಗೆ ಹೆಬ್ಬೆಟ್ಟುಗಳು ಸಾಲುಗಟ್ಟಿದ್ದವು. ನ್ಯಾಯಾಧೀಶರು ಬರೆದಿದ್ದರು, ಸ್ವಂತ ಅತಿಥಿಗಳನ್ನೂ ಬಿಡದ ಸೆಕ್ರೆಟರಿ ನಮಗೆ ಸಿಕ್ಕಿರುವುದು ಪುಣ್ಯ. ಎರಡನೆಯ ಟವರಿನ ಯಾರೋ ಇವರಿಗೊಂದು ಸನ್ಮಾನ ಮಾಡಬೇಕು ಎಂದಿದ್ದರು. ಇನ್ನೊಬ್ಬರು ಹೊರಗಿನವರ ಹಾವಳಿ ಜಾಸ್ತಿಯಾಗಿದೆ ಎಂದು ಸಿಟ್ಟಿನ ಮುಖ ಹಾಕಿದ್ದರು. ಚಂದ್ರಪ್ಪ ಎಲ್ಲವನ್ನೂ ಓದಿ, ಫೋನನ್ನು ಟಿವಿಯ ಪಕ್ಕ ಬೋರಲು ಹಾಕಿದರು.

ಸಂಜೆ ಬಿಸಿಲು ಎದುರಿನ ಟವರಿನ ಗಾಜುಗಳ ಮೇಲೆ ಇರುವಾಗಲೇ ಬಸವರಾಜರ ಫೋನು ಬಂತು. ಚಂದ್ರಪ್ಪ ಎರಡು ಸಲ ರಿಂಗಾಗಲು ಬಿಟ್ಟು ಎತ್ತಿದರು. ಮುರಿಯಿತು ಎನ್ನುವ ಮಾತಿಗೆ ಅವರು ತಯಾರಾಗಿಯೇ ಇದ್ದರು. ಮುರಿದರೆ ಒಳ್ಳೆಯದೇನೋ ಎಂದು ಕೂಡ ಒಂದು ಗಳಿಗೆ ಅನ್ನಿಸಿತ್ತು.

"ನಮ್ಮ ಕಡಿಂದ ಒಪ್ಪಿಗಿ ಐತ್ರಿ," ಎಂದರು ಬಸವರಾಜ. "ಮನಿಯವರಿಗೆ ಸ್ವಲ್ಪ ಬ್ಯಾಸರ ಆಗಿತ್ತು. ಕಿರಣ್ ದಾರ‍್ಯಾಗ ಸಮಾಧಾನ ಮಾಡಿದ. ನಮ್ಮ ಗಾಡಿ ವಿಷಯ ಮರೀರಿ ನೀವು. ದೊಡ್ಡ ವಿಷಯನ ಅಲ್ಲ ಅದು."

ರತ್ನಾ ಅಲ್ಲೇ ನಿಂತು ಕೇಳಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. ದೇವರ ಮುಂದೆ ದೀಪ ಹಚ್ಚಿದರು. ತಿಪಟೂರಿನ ಅಕ್ಕನಿಗೆ ಫೋನು ಮಾಡಿ, "ಹುಡುಗ ಎಷ್ಟು ಒಳ್ಳೆಯವನು ಗೊತ್ತಾ, ಚಿನ್ನ, ಚಿನ್ನ" ಎಂದು ಹೇಳತೊಡಗಿದರು. ಎಷ್ಟು ಒಳ್ಳೆಯವನು ಎಂಬುದಕ್ಕೆ ಉದಾಹರಣೆ ಕೊಡಲು ಹೋಗಿ ಅರ್ಧಕ್ಕೆ ನಿಲ್ಲಿಸಿ, ಮಾತು ಬದಲಿಸಿ, ಛತ್ರ ತಿಪಟೂರಿನಲ್ಲೋ ದೆಹಲಿಯಲ್ಲೋ ಎಂದು ಕೇಳಿದರು.

ಚಂದ್ರಪ್ಪ ಮಗಳ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಹರಿಣಿ ಹತ್ತಿಯ ಕುರ್ತಾ ಹಾಕಿಕೊಂಡು, ಬಿಚ್ಚಿದ ರೇಷ್ಮೆ ಸೀರೆಯನ್ನು ಮಂಚದ ಮೇಲೆ ಹರಡಿ ಗಾಳಿಗೆ ಆರಲು ಬಿಟ್ಟಿದ್ದಳು.

"ಬಸವರಾಜರು ಫೋನ್ ಮಾಡಿದ್ರು. ಒಪ್ಪಿಗೆಯಂತೆ."

"ಗೊತ್ತಾಯ್ತು. ಕಿರಣ್ ಹೇಳಿದ." ಅವಳು ಸೀರೆಯ ಒಂದು ತುದಿ ಎತ್ತಿಕೊಂಡಳು. "ಅಮ್ಮ ಫೋನಲ್ಲಿದಾಳೆ. ಒಂಚೂರು ಆ ಕಡೆ ಹಿಡ್ಕೋತೀರಾ?"

ಅವರು ಒಳಗೆ ಬಂದು ಇನ್ನೊಂದು ತುದಿ ಹಿಡಿದರು. ಸೀರೆ ಮಡಿಸುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಅವಳು ಎಳೆದಂತೆ ಹಿಂದೆ ಸರಿದು ಬೀರುವಿಗೆ ಬೆನ್ನು ತಾಗಿಸಿ ನಿಂತರು. ಇಬ್ಬರ ನಡುವೆ ಸೀರೆ ಉದ್ದಕ್ಕೆ ಬಿಗಿದುಕೊಂಡಿತು.

"ಒಳ್ಳೆ ಹುಡುಗ," ಎಂದರು.

"ಹೂಂ."

"ಥಟ್ಟಂತ ಹಾಗೆ ಹೇಳ್ಬಿಟ್ಟ ನೋಡು. ನಾನು ಬಾಯಿ ಬಿಡೋದರೊಳಗೆ."

ಹರಿಣಿ ಅಂಚಿಗೆ ಅಂಚು ಸೇರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಥಟ್ಟಂತ ಹೇಳ್ಲಿಲ್ಲ ಅಪ್ಪ. ಲಿಫ್ಟಲ್ಲಿ ಇಳೀತಾ ನಾನು ಅವನಿಗೆ ಮೆಸೇಜ್ ಹಾಕಿದ್ದೆ. ನೀನೇನೂ ಹೇಳ್ಬೇಡ, ಸುಮ್ನಿರು, ನಮ್ಮಪ್ಪನೇ ಹೇಳ್ತಾರೆ ಅಂತ. ಅದಕ್ಕೇ ಅವನು ಕಾದ."

ಹಾಲಿನಿಂದ ರತ್ನಾರ ನಗು ಕೇಳಿಸಿತು. ಚಂದ್ರಪ್ಪನವರಿಗೆ ನೆಲಮಾಳಿಗೆಯ ಆ ಹೊತ್ತು ಮತ್ತೆ ಎದುರಿಗೆ ಬಂತು. ಹುಡುಗ ಯೋಚಿಸುತ್ತಿರಲಿಲ್ಲ, ತಮ್ಮ ಮುಖ ನೋಡುತ್ತಿದ್ದ. ಮಗಳೂ ನೋಡುತ್ತಿದ್ದಳು. ತಾವು ಗಾಲಿ ನೋಡುತ್ತಿದ್ದರು.

"ಈಗ ಹಾಕ್ಲಾ ಗ್ರೂಪಿಗೆ?" ಎಂದರು ಕೊನೆಗೆ. "ನಾನೇ ಜಾಗ ತೋರಿಸಿದ್ದು ಅಂತ?"

"ನಿಮ್ಮಿಷ್ಟ ಅಪ್ಪ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೆರೆಮನೆಯ ಹಿರಿಯರೊಡನೆ ಮಾತಾಡುವಾಗ ಇರುವಂಥ ಮರ್ಯಾದೆಯಿತ್ತು. "ಮುಂದೆ ಬನ್ನಿ ಸ್ವಲ್ಪ."

ಅವರು ಸೀರೆಯ ತುದಿ ಹಿಡಿದು ಅವಳತ್ತ ನಡೆದರು. ಅವಳು ಅವರ ಬೆರಳುಗಳ ಸಂದಿನಿಂದ ತುದಿಯನ್ನು ಬಿಡಿಸಿಕೊಂಡು ತನ್ನ ತುದಿಗೆ ಸೇರಿಸಿದಳು. ಅವರು ಹಿಡಿದಿದ್ದ ಕಡೆ ಜರಿ ಸೊಟ್ಟಗಾಗಿತ್ತು. ಹರಿಣಿ ಅದನ್ನು ಒಂದು ಸಲ ನೋಡಿ, ಮಡಿಕೆ ಪೂರ್ತಿ ಬಿಚ್ಚಿ, ಸೀರೆಯನ್ನು ಮಂಚದ ಮೇಲೆ ಹಾಸಿ, ಒಬ್ಬಳೇ ಮಡಿಸತೊಡಗಿದಳು.